ಸೆರಗಿನ ತುದಿಯ ಬಿಳಿ ಕಲೆ

ಶ್ರಾವ್ಯಳ ಊಟದ ಡಬ್ಬಿ ಕಟ್ಟಿಕೊಟ್ಟ ಹಾಗೆಯೇ ವಾಪಸು ಬರತೊಡಗಿದ್ದು ಜೂನ್ ತಿಂಗಳಲ್ಲಿ, ಅವಳು ಹೊಸ ಶಾಲೆಯಲ್ಲಿ ಪ್ಲಸ್ ವನ್, ಎಂದರೆ ಹನ್ನೊಂದನೇ ತರಗತಿ, ಸೇರಿದ ಮೇಲೆ. ಡಬ್ಬಿ ತೊಳೆಯುವುದು ಅಜ್ಜಿ ಶಾರದಮ್ಮನ ಕೆಲಸ. ಅದನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಎರ್ನಾಕುಲಂನ ಶಾಲೆ ಎಂದರೆ ಎಡಬಲದಲ್ಲಿ ಕೂತು ಮೀನು ತಿನ್ನುವ ಮಕ್ಕಳು, ಯಾರ ಚಮಚ ಯಾರ ಡಬ್ಬಿಗೆ ಹೋಯಿತೋ ಬಲ್ಲವರು ಯಾರು ಎಂಬುದು ಅವರ ಚಿಂತೆ. ಅದಕ್ಕೇ ಸಂಜೆ ಡಬ್ಬಿ ಮನೆಗೆ ಬಂದದ್ದೇ ಅವರ ಕೈಗೆ ಹೋಗಬೇಕು. ಅವರು ಮುಚ್ಚಳ ತೆಗೆದು ಮೂಸಿ ನೋಡಿ, ಬೇರೆಯೇ ಇಟ್ಟುಕೊಂಡ ನಾರಿನಿಂದ ತಿಕ್ಕಬೇಕು.

"ವಾಸಂತೀ, ಇವತ್ತೂ ಮುಟ್ಟಲಿಲ್ಲ ನೋಡು. ಮಜ್ಜಿಗೆ ಮೇಲಾರ ಹುಳಿತುಹೋಗಿದೆ," ಎಂದರು ಶಾರದಮ್ಮ, ಸೊಸೆ ಚಪ್ಪಲಿ ಬಿಡುವ ಮೊದಲೇ.

ವಾಸಂತಿ ಕೋರ್ಟಿನ ನಕಲು ವಿಭಾಗದಲ್ಲಿ ಗುಮಾಸ್ತೆ. ಅಸಲು ಒಬ್ಬರು ಓದಿದರೆ ನಕಲಿನ ಮೇಲೆ ಬೆರಳಿಟ್ಟು ತಪ್ಪು ಹಿಡಿಯುವುದು ಅವಳ ಉದ್ಯೋಗ. ಹಗಲು ವಕೀಲರ ಆಫೀಸಿನಲ್ಲಿ ಟೈಪು ಮಾಡಿ, ಸಂಜೆ ಕಾಲೇಜಿನಲ್ಲಿ ಓದಿ ಡಿಗ್ರಿ ಮಾಡಿಕೊಂಡವಳು. ಹಾಗಾಗಿಯೋ ಏನೋ, ಉಳಿದವರು ಹಗಲು ಬೆಳಕಿನಲ್ಲಿ ಕಲಿತದ್ದು ತನಗೆ ಪೂರ್ತಿ ಬರಲಿಲ್ಲ ಎಂಬ ಅಳುಕು ಅವಳನ್ನು ಬಿಟ್ಟಿರಲಿಲ್ಲ. ಯಾವ ಮಾತನ್ನಾದರೂ ಆಡುವ ಮೊದಲು ಮನಸ್ಸಿನಲ್ಲೇ ಎರಡು ಸಲ ಓದಿ ನೋಡುವಳು.

ಮಗಳ ಕೋಣೆಗೆ ಹೋದಳು. ಶ್ರಾವ್ಯ ಮನೆಯೊಳಗೂ ಮಾಸ್ಕ್ ಹಾಕಿಕೊಂಡೇ ಓದುತ್ತಿದ್ದಳು.

"ಯಾಕೆ ಉಣ್ಣಲಿಲ್ಲ?"

"ವಿಶಪ್ಪಿಲ್ಲಾಯಿರುನ್ನು," ಎಂದಳು ಮಗಳು. ಹಸಿವಿರಲಿಲ್ಲವಂತೆ. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುವುದು ಅವಳ ರೂಢಿ. ಒಳಗಿನಿಂದ ಬಂದ ಮಾತಾದರೆ ಮಾತ್ರ ಕನ್ನಡ.

"ಒಂದು ವಾರ ಹಸಿವಿಲ್ಲವಾ?"

ಶ್ರಾವ್ಯ ಪುಸ್ತಕದ ಹಾಳೆ ಮಡಚಿ ಬಿಚ್ಚಿ ಮಾಡಿದಳು. "ಉಣ್ಣಬೇಕಾದ್ರೆ ಮಾಸ್ಕ್ ತೆಗೀಬೇಕಲ್ಲ ಅಮ್ಮ. ಅಲ್ಲಿ ಯಾರೂ ನನ್ನ ಮುಖ ನೋಡಿದವರಿಲ್ಲ. ನೋಡುದು ಬೇಡ."

ಮಾಸ್ಕ್ ಇಳಿಸಿ, ಹಣೆಗೆ ಬಿಟ್ಟುಕೊಂಡಿದ್ದ ಕೂದಲನ್ನು ಹಿಂದಕ್ಕೆ ಸರಿಸಿದಳು. ಹಣೆಯ ತುಂಬ ಸಾಸಿವೆ ಹರಡಿದ ಹಾಗೆ ಮೊಡವೆ, ಕೆನ್ನೆಯ ಮೇಲೆ ಕೀವು ತುಂಬಿದ ಕೆಂಪು ಗಂಟುಗಳು. ಒಂದನ್ನು ಚಿವುಟಿದ್ದಳು, ಅದು ಕಪ್ಪಾಗಿತ್ತು.

ಮೊಡವೆಗೆ ಕಾರಣ ಯಾವುದು ಎಂಬ ಬಗ್ಗೆ ಆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ತೀರ್ಪು. ಅಜ್ಜಿಯ ಪ್ರಕಾರ ಉಷ್ಣ. ವೈಟ್ಟಿಲದ ಬಸ್‌ಸ್ಟ್ಯಾಂಡಿನ ಹಿಂದೆ ಗಾಳಿಯಿಲ್ಲದ ಬಾಡಿಗೆ ಮನೆ, ಅದರ ಮೇಲೆ ಬೇಕರಿಯ ಪಫ್ಸು, ಉಷ್ಣ ಏರದೆ ಏನಾದೀತು. ಅದಕ್ಕೆ ತಂಬುಳಿ, ಅದಕ್ಕೆ ನೆತ್ತಿಗೆ ಎಣ್ಣೆ. ಒಂದೆಲಗ, ಗರುಗ, ಕರಿಬೇವು ಹಾಕಿ ಶಾರದಮ್ಮ ಕಾಯಿಸುವ ತೆಂಗಿನೆಣ್ಣೆಗೆ ಕಾಸರಗೋಡಿನಲ್ಲಿ ನೆಂಟರಿಷ್ಟರೆಲ್ಲ ಬಾಟಲಿ ಹಿಡಿದು ಕಾಯುತ್ತಿದ್ದರು. ಶ್ರಾವ್ಯಳ ಮೊಣಕಾಲು ಮುಟ್ಟುವ ಕೂದಲೇ ಆ ಎಣ್ಣೆಗೆ ಸಾಕ್ಷಿ. ಅಪ್ಪ ಗಣೇಶಪ್ರಸಾದ್ ತಿರುವನಂತಪುರದಲ್ಲಿ ಸೆಕ್ರೆಟರಿಯೇಟಿನ ಕೆಲಸದಲ್ಲಿದ್ದ. ಶನಿವಾರ ರೈಲಿನಲ್ಲಿ ಬಂದು ಭಾನುವಾರ ಹೋಗುವವನು. ಅವನ ಪ್ರಕಾರ ಕಾರಣ ಮೊಬೈಲು. ವಾಸಂತಿಗೆ ಯಾವುದೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದು ಮಾತ್ರ ಖಚಿತವಾಗಿ ಗೊತ್ತಿತ್ತು. ಆದ್ದರಿಂದ ಅವಳು ಅರ್ಧ ದಿನ ರಜೆ ಹಾಕಿ, ಮಗಳನ್ನು ಮೆಟ್ರೋ ಹತ್ತಿಸಿ ಆಲುವದ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರಮ್ಮ ದೀಪ ಹಿಡಿದು ಮುಖ ನೋಡಿದರು. ಇದು ಉಷ್ಣವೂ ಅಲ್ಲ, ಕೊಳೆಯೂ ಅಲ್ಲ, ಸೋಪು ಹಾಕಿ ತಿಕ್ಕಿದರೆ ಹೆಚ್ಚಾಗುವುದೇ ಹೊರತು ಕಡಿಮೆಯಾಗುವುದಿಲ್ಲ ಎಂದರು. ಈ ವಯಸ್ಸಿನಲ್ಲಿ ಚರ್ಮದೊಳಗಿನ ಗ್ರಂಥಿಗಳು ಜಿಡ್ಡು ಹೆಚ್ಚು ಸುರಿಸುತ್ತವೆ, ರಂಧ್ರದ ಬಾಯಿ ಕಟ್ಟಿಕೊಳ್ಳುತ್ತದೆ, ಒಳಗೆ ಕ್ರಿಮಿ ಬೆಳೆದು ಬಾವು ಬರುತ್ತದೆ. ಮನೆತನದಲ್ಲಿ ಇದ್ದರೆ ಮಕ್ಕಳಿಗೂ ಬರುವುದುಂಟು. ಅದರ ಮೇಲೆ ತಲೆಯ ಎಣ್ಣೆ ಹಣೆಗಿಳಿದರೆ, ಮಾಸ್ಕ್ ದಿನವಿಡೀ ಕೆನ್ನೆಗೆ ಉಜ್ಜಿದರೆ, ಉರಿಯುವ ಬೆಂಕಿಗೆ ತುಪ್ಪ.

ಒಂದು ಜೆಲ್ ಬರೆದುಕೊಟ್ಟರು. ಸಂಜೆ ಮುಖ ತೊಳೆದು ಒರೆಸಿ, ಒಣಗಿದ ಮೇಲೆ ಒಂದು ಬಟಾಣಿಯಷ್ಟು ತೆಗೆದುಕೊಂಡು ಇಡೀ ಮುಖಕ್ಕೆ ತೆಳ್ಳಗೆ ಹಚ್ಚಬೇಕು. ಬೆಳಗಿನವರೆಗೆ ಇರಬೇಕು. ಮೊಡವೆಯ ಮೇಲೆ ಮಾತ್ರ ಚುಕ್ಕಿ ಇಟ್ಟರೆ ಸಾಲದು, ಯಾಕೆಂದರೆ ಮುಂದಿನ ಮೊಡವೆ ಕಾಣದ ಜಾಗದಲ್ಲಿ ತಯಾರಾಗುತ್ತಿರುತ್ತದೆ. ಮೊದಮೊದಲು ಉರಿ ಬರುತ್ತದೆ, ಸಿಪ್ಪೆ ಏಳುತ್ತದೆ, ಮೊದಲಿಗಿಂತ ಕೆಟ್ಟದಾಗಿಯೂ ಕಾಣಬಹುದು. ಮೂರು ತಿಂಗಳು ಬಿಡದೆ ಹಚ್ಚಿದ ಮೇಲೆ ಮಾತಾಡಿ ಎಂದರು. ಏಳುವಾಗ ಕೊನೆಯ ಮಾತು ಹೇಳಿದರು: ಈ ಮದ್ದು ಬಣ್ಣದ ಬಟ್ಟೆಯ ಬಣ್ಣ ತೆಗೆಯುತ್ತದೆ, ಟವೆಲು, ದಿಂಬಿನ ಕವರು ಬಿಳಿಯದೇ ಇರಲಿ.

ವಾಸಂತಿ ಮನೆಗೆ ಬಂದು ಎಲ್ಲವನ್ನೂ ಅತ್ತೆಗೆ ಹೇಳಿದಳು. ಬಟ್ಟೆಯ ಮಾತೊಂದನ್ನು ನುಂಗಿಕೊಂಡಳು. ಮೊದಲೇ ಮುಖ ಊದಿಸಿಕೊಂಡವರಿಗೆ ಅದನ್ನೂ ಹೇಳಿದರೆ ಮದ್ದು ಬಾಗಿಲಿನಿಂದಲೇ ಹೊರಗೆ ಹೋದೀತು ಎಂಬ ಹೆದರಿಕೆ. ಸದ್ದಿಲ್ಲದೆ ಮಗಳ ದಿಂಬಿಗೆ ಬಿಳಿ ಕವರು ಹಾಕಿದಳು.

"ನನ್ನ ಎಣ್ಣೆಯಿಂದ ಮೊಡವೆ ಬರ್ತದೆ ಅಂತ ಹೇಳಿದ್ದಾ ಆ ಡಾಕ್ಟರು?" ಶಾರದಮ್ಮ ಬಾಣಲೆಯ ಮುಂದೆ ನಿಂತೇ ಕೇಳಿದರು.

"ಎಣ್ಣೆ ಕೆಟ್ಟದ್ದು ಅಂತಲ್ಲ ಅತ್ತೆ. ಹಣೆಗೆ ಇಳಿಯಬಾರದಂತೆ."

"ನೆತ್ತಿಗಿಟ್ಟ ಎಣ್ಣೆ ಹಣೆಗಿಳಿಯದೆ ಮತ್ತೆ ಅಟ್ಟಕ್ಕೆ ಏರ್ತದಾ?"

ಶ್ರಾವ್ಯ ಕೋಣೆಯಿಂದ ಕಿಸಕ್ಕೆಂದು ನಕ್ಕಳು. ಎಷ್ಟೋ ದಿನದ ಮೇಲೆ ಕೇಳಿದ ನಗು. ಆದರೆ ಆ ದಿನದಿಂದ ಎಣ್ಣೆಯ ಬಾಟಲಿ ಮತ್ತು ಜೆಲ್ಲಿನ ಟ್ಯೂಬು ಒಂದೇ ಕಪಾಟಿನಲ್ಲಿ ಬೆನ್ನು ತಿರುಗಿಸಿ ನಿಂತವು.

ಎರಡು ವಾರದಲ್ಲಿ ಮುಖದ ಸಿಪ್ಪೆ ಏಳತೊಡಗಿತು. ಅದೇ ಶನಿವಾರ ಗಣೇಶಪ್ರಸಾದ್ ಇನ್ನೊಂದು ಟ್ಯೂಬು ತಂದ. ಆಫೀಸಿನ ಮನೋಜನ ಹೆಂಡತಿ ಹಚ್ಚುವುದಂತೆ, ಒಂದು ವಾರದಲ್ಲಿ ಮುಖ ಗಾಜಿನ ಹಾಗೆ ಆಯಿತಂತೆ.

"ಡಾಕ್ಟರು ಕೊಟ್ಟದ್ದಾ?"

"ಅಂಗಡಿಯಲ್ಲೇ ಸಿಗ್ತದೆ ಮಾರಾಯ್ತಿ. ಎಲ್ಲದಕ್ಕೂ ಡಾಕ್ಟರು ಬೇಕಾ?"

ವಾಸಂತಿ ಟ್ಯೂಬಿನ ಬೆನ್ನಿನ ಸಣ್ಣಕ್ಷರಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ಅರ್ಥವಾಗದ ಹೆಸರುಗಳನ್ನು ಡಾಕ್ಟರ ಕ್ಲಿನಿಕ್ಕಿಗೆ ಫೋನು ಮಾಡಿ ಒಂದೊಂದೇ ಅಕ್ಷರ ಹೇಳಿ ಕೇಳಿದಳು. ತನ್ನ ದಡ್ಡತನಕ್ಕೆ ಆಚೆಯವರು ನಗುತ್ತಿರಬಹುದು ಎನ್ನಿಸಿತು. ಆದರೂ ಕೇಳಿದಳು. ಫೋನಿಟ್ಟು ಬಂದು ಟ್ಯೂಬನ್ನು ಗಂಡನ ಚೀಲಕ್ಕೇ ಹಾಕಿದಳು.

"ಇದರಲ್ಲಿ ಸ್ಟೀರಾಯ್ಡ್ ಉಂಟಂತೆ. ಹಚ್ಚುವಷ್ಟು ದಿನ ಚಂದ, ಬಿಟ್ಟ ಮೇಲೆ ಎರಡರಷ್ಟು ಬರ್ತದಂತೆ, ಚರ್ಮವೂ ತೆಳ್ಳಗಾಗ್ತದಂತೆ. ಮನೋಜನ ಹೆಂಡತಿಗೂ ಹೇಳಿ."

"ಎಲ್ಲ ಹೋಗ್ತದೆ ತನ್ನಷ್ಟಕ್ಕೆ. ನನಗೂ ಇತ್ತು, ಹೋಗಲಿಲ್ವಾ?" ಎಂದ ಗಣೇಶಪ್ರಸಾದ್, ಊಟದ ನಡುವೆ ಎಡಗೈ ಬೆರಳನ್ನು ಗಡ್ಡದೊಳಗೆ ಆಡಿಸುತ್ತ.

"ಹೋಯಿತಾ? ಯಾರಿಗೆ ಕಂಡದ್ದು?" ಎಂದಳು ಶ್ರಾವ್ಯ. ಹುಟ್ಟಿದಂದಿನಿಂದ ಅವಳು ಅಪ್ಪನ ಕೆನ್ನೆ ಕಂಡವಳಲ್ಲ. ವಾಸಂತಿ ಕೂಡ ಮದುವೆಯ ಮಂಟಪದಲ್ಲಿ ಕಂಡದ್ದು ಗಡ್ಡದ ಮುಖವನ್ನೇ. ಗಣೇಶಪ್ರಸಾದ್ ತಟ್ಟೆಗೆ ಬಗ್ಗಿದ. ಸಾರಿಗೆ ಇನ್ನಷ್ಟು ಅನ್ನ ಕಲಸಿದ.

ಜುಲೈ ಕಳೆಯಿತು. ಶ್ರಾವ್ಯ ಒಂದು ದಿನವೂ ತಪ್ಪದೆ ಸಂಜೆ ಮುಖ ತೊಳೆದು ಬಟಾಣಿಯಷ್ಟು ಹಚ್ಚಿಕೊಂಡು ಬೇಗ ಮಲಗುವಳು. ವಾಸಂತಿ ಎದುರಿಗೇ ನಿಂತು ನೋಡುವಳು. ಆದರೂ ಹಣೆಯ ಸಾಸಿವೆ ಹಾಗೇ, ಕೆನ್ನೆಯ ಗಂಟು ಹಾಗೇ, ಡಬ್ಬಿಯ ಅನ್ನವೂ ಹಾಗೇ. ತಾನೇ ತಪ್ಪು ಕೇಳಿಸಿಕೊಂಡಿರಬಹುದೇ, ಬಟಾಣಿ ಎಂದರೆ ಹಸಿಯದೋ ಒಣಗಿದ್ದೋ, ಹೀಗೆಲ್ಲ ಅವಳಿಗೆ ಅನುಮಾನ. ಮುಖ ಮಗಳದು, ಹಟ ತನ್ನದು. ಕೆಟ್ಟರೆ ಯಾರಿಗೆ ಜವಾಬು ಹೇಳುವುದು?

ಆಗಸ್ಟ್ ಮೊದಲ ಭಾನುವಾರ ಶಾರದಮ್ಮ ತಮ್ಮ ಕುಂಕುಮ ಬಣ್ಣದ ನೂಲಿನ ಸೀರೆಯನ್ನು ತಂದು ಊಟದ ಮೇಜಿನ ಮೇಲೆ ಹರಡಿದರು. ಸೆರಗಿನ ತುದಿಯಲ್ಲಿ ಬೆರಳಗಲದ ಬಿಳಿ ಕಲೆಗಳು.

"ನೋಡು. ಸಾಬೂನಿಂದ ಆದದ್ದಲ್ಲ ಇದು. ಆ ಮದ್ದಿನಿಂದ ಆದದ್ದು. ಬಟ್ಟೆಯ ಬಣ್ಣವನ್ನೇ ತಿನ್ನುವ ಮದ್ದು ಹುಡುಗಿಯ ಮುಖವನ್ನು ಬಿಟ್ಟೀತಾ?"

"ಬಟ್ಟೆಯ ಬಣ್ಣಕ್ಕೆ ಮಾತ್ರ ಹಾಗಾಗುದಂತೆ ಅತ್ತೆ. ಚರ್ಮಕ್ಕೆ ಅಲ್ಲ."

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಹೇಳಲಿಲ್ಲ. ಓದಿದ ಸೊಸೆ, ಅತ್ತೆಗೆ ಹೇಳುವ ಅಗತ್ಯ ಏನು," ಎಂದು ಶಾರದಮ್ಮ ಸೀರೆ ಮಡಚಿಕೊಂಡು ಹೋದರು. ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ತಪ್ಪು ತನ್ನದೇ ಎಂದು ವಾಸಂತಿ ಎರಡು ಸಲ ಕರೆದಳು. ಹಣ್ಣು ಕೊಯ್ದು ತಟ್ಟೆ ಇಟ್ಟು ಬಂದಳು. ಇನ್ನು ಮದ್ದು ನಿಲ್ಲಿಸುವುದೇ ಒಳ್ಳೆಯದೋ ಏನೋ ಎಂದೂ ಯೋಚಿಸಿದಳು.

ಸೋಮವಾರ ಆಫೀಸಿನಲ್ಲಿ ಯಾವುದೋ ಜಾಗದ ದಾವೆಯ ನಕಲು ತಾಳೆ ನೋಡುತ್ತಿದ್ದಾಗ ಅವಳ ಬೆರಳು ನಿಂತುಬಿಟ್ಟಿತು. ದಿಂಬಿನಿಂದ ತಾಗಿದ್ದಾದರೆ ಕಲೆ ಭುಜದಲ್ಲಿ ಇರಬೇಕು. ಮೊಮ್ಮಗಳು ಮಡಿಲಲ್ಲಿ ತಲೆಯಿಟ್ಟಿದ್ದರೆ ನೆರಿಗೆಯಲ್ಲಿ ಇರಬೇಕು. ಅತ್ತೆ ಸೆರಗಿನ ತುದಿಯನ್ನು ಯಾವಾಗಲೂ ಸೊಂಟಕ್ಕೆ ಸಿಕ್ಕಿಸುವವರು. ಅದು ಹೊರಗೆ ಬರುವುದು ಏನನ್ನಾದರೂ ಒರೆಸುವುದಕ್ಕೆ ಮಾತ್ರ.

ಸಂಜೆ ಬಂದು ಹಗ್ಗದ ಮೇಲಿನ ಸೀರೆಗಳನ್ನು ನೋಡಿದಳು. ಹಸಿರಿನ ಸೆರಗಿನಲ್ಲೂ ಕಲೆ, ಕಂದುಬಣ್ಣದ್ದರಲ್ಲೂ ಕಲೆ, ಎಲ್ಲದರಲ್ಲೂ ಅದೇ ಮೂಲೆ. ಅತ್ತೆ ಮತ್ತು ಮೊಮ್ಮಗಳು ಮಲಗುವುದು ಒಂದೇ ಕೋಣೆಯಲ್ಲಿ. ಬೆಳಿಗ್ಗೆ ಎದ್ದಾಗ ಮಗಳ ಕೆನ್ನೆ ಮಿರಿಮಿರಿ ಹೊಳೆಯುವುದು ಜಿಡ್ಡು ಸುರಿದು ಎಂದುಕೊಂಡಿದ್ದಳಲ್ಲ, ಅದು ರಾತ್ರಿ ಮದ್ದು ಒರೆಸಿ ಅತ್ತೆ ಹಚ್ಚಿದ ಗರುಗದ ಎಣ್ಣೆ.

ಸಿಟ್ಟು ಬಂತು. ಕೂಗಾಡಿದರೆ ಮನೆ ಎರಡಾಗುತ್ತದೆ, ಸುಮ್ಮನಿದ್ದರೆ ಹುಡುಗಿಯ ಮುಖ ಹಾಳಾಗುತ್ತದೆ. ಎರಡೂ ಆಗಬಾರದು ಎಂದು ನಿಶ್ಚಯ ಮಾಡಿಕೊಂಡಳು. ಅದೇ ವಾರ ಅವಳಿಗೆ ತಿರುವನಂತಪುರದಲ್ಲಿ ಎರಡು ದಿನದ ತರಬೇತಿ ಇತ್ತು. ಗಂಡನನ್ನು ತಂಬಾನೂರಿನ ಒಂದು ಹೋಟೆಲಿಗೆ ಕರೆದು, ದೋಸೆ ಬರುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟಳು.

ಗಣೇಶಪ್ರಸಾದ್ ನೀರಿನ ಲೋಟ ಬದಿಗೆ ಸರಿಸಿದ.

"ನನಗೂ ಒರೆಸುತ್ತಿದ್ದಳು ಅಮ್ಮ," ಎಂದ.

"ಎಂತ?"

"ಹೈಸ್ಕೂಲಿನಲ್ಲಿದ್ದಾಗ ಆಸ್ಪತ್ರೆಯ ಮುಲಾಮು ಇತ್ತು ನನಗೆ. ಉರಿಯುತ್ತದೆ ಅಂತ ನಾನು ಅಳುದು, ಅಮ್ಮ ಸೆರಗಿನಲ್ಲಿ ಒರೆಸಿ ಎಣ್ಣೆ ಹಚ್ಚುದು. ತಣ್ಣಗಾಗಿ ನಿದ್ದೆ ಬರ್ತಿತ್ತು. ಆಮೇಲೆ ಚಿವುಟಿ ಚಿವುಟಿ ಹೊಂಡ ಮಾಡಿಕೊಂಡೆ. ಮೀಸೆ ಬಂದದ್ದೇ ಗಡ್ಡ ಬಿಟ್ಟೆ."

"ಅತ್ತೆಗೆ ಹೊಂಡ ಗೊತ್ತುಂಟಾ?"

"ಪೂರ್ತಿ ನೋಡಲು ನಾನು ಬಿಡಲಿಲ್ಲ. ಇನ್ನು ಈ ವಯಸ್ಸಿನಲ್ಲಿ ಅಮ್ಮನಿಗೆ ಅದನ್ನು ಹೇಗೆ ಹೇಳುದು?"

"ನೀವು ಹೇಳುದು ಬೇಡ," ಎಂದಳು ವಾಸಂತಿ. ಎರಡು ಸಲ ಓದಿ ನೋಡದೆ ಆಡಿದ ಮಾತು ಅದು. "ತೋರಿಸಿದರೆ ಸಾಕು."

ಅವನು ಅವಳ ಮುಖ ನೋಡಿದ. ಆಮೇಲೆ ದೋಸೆ ಬಂತು. ಚಟ್ನಿ ಇನ್ನೊಂದು ಸಲ ಹಾಕಿಸಿಕೊಳ್ಳುವ ಗಂಡ ಅಂದು ಹಾಕಿಸಿಕೊಳ್ಳಲಿಲ್ಲ. ಒಪ್ಪಿದನೋ ಇಲ್ಲವೋ ತಿಳಿಯದೆ ವಾಸಂತಿ ರೈಲು ಹತ್ತಿದಳು.

ಶನಿವಾರ ಬಾಗಿಲು ತೆರೆದವಳು ಶ್ರಾವ್ಯ. ಎದುರಿಗಿದ್ದ ಮನುಷ್ಯನ ಗುರುತು ಅವಳಿಗೆ ಕೂಡಲೇ ಹತ್ತಲಿಲ್ಲ. ಗಡ್ಡ ಬೋಳಿಸಿದ ಕೆನ್ನೆ ಉಳಿದ ಮುಖಕ್ಕಿಂತ ಬೆಳ್ಳಗೆ ಇತ್ತು. ಅದರ ತುಂಬ, ಮಳೆ ಹನಿ ಬಿದ್ದ ಮರಳಿನ ಹಾಗೆ, ಹೊಂಡಗಳು. ಅವಳು ಬದಿಗೆ ಸರಿದು ಅಪ್ಪನ ಚೀಲ ತೆಗೆದುಕೊಂಡಳು.

ಊಟಕ್ಕೆ ಕುಳಿತಾಗ ಶಾರದಮ್ಮ ಸಾರಿನ ಸೌಟು ಹಿಡಿದು ಬಂದರು. ಮಗನ ತಟ್ಟೆಯ ಮೇಲೆ ಸೌಟು ನಿಂತಿತು.

"ಗಡ್ಡ ಎಂತ ಮಾಡಿದೆ?"

"ತೆಗೆದೆ ಅಮ್ಮ."

ಅವರು ಸೌಟನ್ನು ಪಾತ್ರೆಗೇ ಇಳಿಸಿ, ಎಡಗೈಯಿಂದ ಅವನ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದರು. ಐವತ್ತರ ಸಮೀಪದ ಮಗ ಸಣ್ಣವನ ಹಾಗೆ ತಿರುಗಿದ.

"ಇಷ್ಟು ಇತ್ತಾ?"

"ಇತ್ತು."

"ನೋಯ್ತದಾ?"

"ಈಗ ಇಲ್ಲ. ಆಗ ಮದ್ದು ಉರೀತದೆ ಅಂತ ಅಳ್ತಿದ್ದೆನಲ್ಲ, ನೀನು ಒರೆಸಿದೆ. ಉರಿ ಹೋಯಿತು, ಇದು ಉಳಿಯಿತು."

ಶಾರದಮ್ಮನ ಕೈ ತಾನಾಗಿಯೇ ಸೊಂಟದ ಸೆರಗಿಗೆ ಹೋಯಿತು. ಅಲ್ಲೇ ನಿಂತಿತು. ಸೊಸೆಯ ಕಡೆ ನೋಡಿದರು. ವಾಸಂತಿ ಕಣ್ಣು ತಗ್ಗಿಸಲಿಲ್ಲ.

"ನಿನಗೆ ಗೊತ್ತಾಯಿತು," ಎಂದರು ಶಾರದಮ್ಮ.

"ಸೀರೆ ನೋಡಿ ಗೊತ್ತಾಯಿತು ಅತ್ತೆ. ನಾನೂ ಬಟ್ಟೆಯ ಮಾತು ಮೊದಲೇ ಹೇಳಬೇಕಿತ್ತು."

"ನನಗೆ ಮೊದಲೇ ಗೊತ್ತುಂಟು," ಎಂದಳು ಶ್ರಾವ್ಯ, ಹಪ್ಪಳ ಮುರಿಯುತ್ತ. ಎಲ್ಲರೂ ಅವಳ ಕಡೆ ತಿರುಗಿದರು. "ಅಜ್ಜಿ ಒರೆಸುವಾಗ ನಾನು ಎಚ್ಚರವೇ ಇರ್ತಿದ್ದೆ. ತಣ್ಣಗಾಗ್ತಿತ್ತು. ಬೇಡ ಅಂದ್ರೆ ಅಜ್ಜಿಗೆ ಬೇಜಾರಾಗ್ತದೆ ಅಂತ ನಿದ್ದೆ ಬಂದ ಹಾಗೆ ಮಾಡ್ತಿದ್ದೆ."

"ಕಳ್ಳಿ," ಎಂದರು ಅಜ್ಜಿ. ಸ್ವರದಲ್ಲಿ ಬಿರುಸಿರಲಿಲ್ಲ.

ಶ್ರಾವ್ಯ ಅಪ್ಪನ ಕೆನ್ನೆಯನ್ನು ಇನ್ನೊಮ್ಮೆ ನೋಡಿದಳು. ಗಣೇಶಪ್ರಸಾದ್ ಮುಖ ಅಡಗಿಸಲಿಲ್ಲ, ಮಗಳು ನೋಡಿ ಮುಗಿಸುವವರೆಗೆ ತುತ್ತು ಎತ್ತಲಿಲ್ಲ.

"ಇನ್ನು ಒರೆಸುದು ಬೇಡ ಅಜ್ಜಿ," ಎಂದಳು ಅವಳು. "ಉರಿದರೆ ನಾನು ತಡ್ಕೊಳ್ತೇನೆ. ಮೂರು ತಿಂಗಳು ಇವತ್ತಿನಿಂದ ಹೊಸ ಲೆಕ್ಕ."

ಆ ಮಧ್ಯಾಹ್ನ ಶಾರದಮ್ಮ ಪೆಟ್ಟಿಗೆ ತೆರೆದು ತೀರಿಹೋದ ಗಂಡನ ಎರಡು ಬಿಳಿ ಪಂಚೆ ತೆಗೆದರು. ಒಂದನ್ನು ಹರಿದು ಮುಖ ಒರೆಸುವ ತುಂಡುಗಳನ್ನು ಮಾಡಿದರು. ಇನ್ನೊಂದನ್ನು ದಿಂಬಿನ ಕವರಿನ ಅಳತೆಗೆ ಕತ್ತರಿಸಿ ಅಂಚು ಹೊಲಿದರು. "ಬಿಳಿಯ ಮೇಲೆ ಬಿಳಿ ಕಲೆ ಬಿದ್ದರೆ ಯಾರಿಗೆ ಕಾಣ್ತದೆ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಎಣ್ಣೆಯನ್ನು ಬಿಡಲಿಲ್ಲ, ಬಿಡುವವರೂ ಅಲ್ಲ. ಅದು ಭಾನುವಾರಕ್ಕೆ ಸರಿಯಿತು. ಹಣೆಗೆ ಬಟ್ಟೆಯ ಪಟ್ಟಿ ಬಿಗಿದು, ಕೂದಲಿಗೆ ಮಾತ್ರ ತಾಗಿಸಿ, ಒಲೆಯ ಮೇಲಿನ ಅನ್ನ ಬೇಯುವಷ್ಟರಲ್ಲಿ ತಲೆ ತೊಳೆಸಿಬಿಡುವರು. "ಯುದ್ಧಕ್ಕೆ ಹೋಗುವವಳ ಹಾಗೆ ಕಾಣ್ತಿ," ಎಂದು ಪಟ್ಟಿ ಕಟ್ಟಿದ ಮೊಮ್ಮಗಳಿಗೆ ಹೇಳುವರು. "ಹೌದಲ್ಲ," ಎನ್ನುವಳು ಅವಳು.

ಮತ್ತೆ ಸಿಪ್ಪೆ ಎದ್ದಿತು, ಈ ಸಲ ಮೊದಲಿಗಿಂತ ಜೋರಾಗಿ. ಡಾಕ್ಟರ ಹತ್ತಿರ ವಾಸಂತಿ ನಡೆದದ್ದನ್ನೆಲ್ಲ ಹೇಳಿದಾಗ ಅವರು ಬೈಯಲಿಲ್ಲ, ಜಿಡ್ಡಿಲ್ಲದ ಒಂದು ಕ್ರೀಮು ಕೊಟ್ಟು, ಉರಿ ಹೆಚ್ಚಾದರೆ ಒಂದು ದಿನ ಬಿಟ್ಟು ಒಂದು ದಿನ ಹಚ್ಚಿ ಎಂದರು. ಉರಿ ಎಂದು ಶ್ರಾವ್ಯ ಮುಖ ಹಿಂಡಿದಾಗ ಶಾರದಮ್ಮ ಎದ್ದು ಹೊರಗೆ ಹೋಗಿ ತುಳಸಿಗೆ ಎರಡನೆಯ ಸಲ ನೀರು ಹಾಕಿ ಬರುವರು. ಸೆರಗಿನ ಮೂಲೆ ಬೆರಳಿಗೆ ಸುತ್ತಿಕೊಂಡೇ ಇರುತ್ತಿತ್ತು, ಮುಂದೆ ಬರುತ್ತಿರಲಿಲ್ಲ. ಗಣೇಶಪ್ರಸಾದ್ ಪ್ರತಿ ಶನಿವಾರ ಕ್ಷೌರ ಮಾಡಿಕೊಂಡೇ ಬಂದ. ಆಫೀಸಿನಲ್ಲಿ ಏನು ಹೇಳಿದರು ಎಂದು ವಾಸಂತಿ ಕೇಳಿದ್ದಕ್ಕೆ, "ಎರಡು ದಿನ ನೋಡಿದರು, ಮೂರನೇ ದಿನ ಮರೆತರು," ಎಂದ. ಅದನ್ನು ಮಗಳಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ.

ಓಣಂ ರಜೆ ಕಳೆದು ಶಾಲೆ ಮತ್ತೆ ಶುರುವಾಯಿತು. ಅಕ್ಟೋಬರಿನಲ್ಲಿ ಹೊಸ ಗಂಟುಗಳು ಕಡಿಮೆಯಾದವು. ಹಣೆ ಮೊದಲು ತಿಳಿಯಾಯಿತು, ಕೆನ್ನೆ ನಿಧಾನಕ್ಕೆ. ಕಪ್ಪು ಕಲೆಗಳು ಇದ್ದವು, ಒಂದೆರಡು ಹೊಸ ಮೊಡವೆಯೂ ಬರುತ್ತಿತ್ತು. ಪೂರ್ತಿ ಹೋಯಿತು ಎಂದು ಹೇಳುವ ಹಾಗಿರಲಿಲ್ಲ. ಆದರೂ ಒಂದು ಸೋಮವಾರ ಬೆಳಿಗ್ಗೆ ವಾಸಂತಿ ಬಾಗಿಲ ಹಿಂದಿನ ಮೊಳೆಯಲ್ಲಿ ಮಾಸ್ಕ್ ನೇತಾಡುತ್ತಿರುವುದನ್ನು ಕಂಡಳು. ಹುಡುಗಿ ಆಗಲೇ ಬಸ್ಸು ಹತ್ತಿದ್ದಳು. ಮರೆತು ಹೋದಳೋ, ಬಿಟ್ಟು ಹೋದಳೋ? ದಿನವಿಡೀ ವಾಸಂತಿಗೆ ನಕಲಿನ ಸಾಲುಗಳು ಕಣ್ಣಿಗೆ ಹತ್ತಲಿಲ್ಲ.

ಸಂಜೆ ಬರುವಾಗ ಶಾರದಮ್ಮ ಡಬ್ಬಿ ಹಿಡಿದು ಹಿತ್ತಲಿನ ನಲ್ಲಿಯ ಹತ್ತಿರ ನಿಂತಿದ್ದರು.

"ವಾಸಂತೀ, ಇಲ್ಲಿ ಬಾ."

ವಾಸಂತಿ ಚೀಲ ಅಲ್ಲೇ ಇಳಿಸಿದಳು. ಹತ್ತಿರ ಹೋಗಿ ನೋಡಿದಳು. ಡಬ್ಬಿ ಖಾಲಿಯಿತ್ತು. ಒಂದು ಅಗುಳೂ ಇರಲಿಲ್ಲ. ತಳದಲ್ಲಿ ಮಾತ್ರ ಕೆಂಪು ಸಾರಿನ ಗುರುತು, ಅದರಲ್ಲಿ ಅಂಟಿಕೊಂಡು ಸೂಜಿಯಷ್ಟು ತೆಳ್ಳಗಿನ ಒಂದು ಮುಳ್ಳು.

"ಇದು ಎಂತ?"

ವಾಸಂತಿ ಮಾತನ್ನು ಮನಸ್ಸಿನಲ್ಲೇ ಓದಿ ನೋಡಿದಳು. ಬೇರೆ ದಾರಿ ಕಾಣಲಿಲ್ಲ. "ಮೀನಿನ ಮುಳ್ಳು ಅತ್ತೆ."

ಒಳಗೆ ಶ್ರಾವ್ಯ ಫೋನಿನಲ್ಲಿ ನಸ್ರೀನ್ ಎಂಬ ಯಾರೋ ಶಾಲೆಯ ಗೆಳತಿಯೊಡನೆ ಮಲಯಾಳದಲ್ಲಿ ನಗುತ್ತ ಮಾತಾಡುತ್ತಿದ್ದಳು. ಶಾರದಮ್ಮ ಆ ಕಡೆಗೆ ಕಿವಿ ಕೊಟ್ಟರು.

"ತಿಂದದ್ದು ಇವಳೋ, ಇದರಲ್ಲಿ ಕೈ ಹಾಕಿದ್ದು ಅವಳೋ?"

"ಕೇಳಲಾ?"

"ಬೇಡ." ಮುಳ್ಳನ್ನು ಬಾಳೆಯ ಬುಡಕ್ಕೆ ಕೊಡವಿದರು. ಡಬ್ಬಿಗೆ ಹುಣಿಸೆಹುಳಿ ಹಾಕಿ ತಿಕ್ಕಿದರು, ಮೂಸಿದರು, ಮತ್ತೊಮ್ಮೆ ತಿಕ್ಕಿದರು. ಕಲ್ಲಿನ ಮೇಲೆ ಬೋರಲು ಹಾಕಿ, ಬಿಳಿ ಕಲೆಯ ಸೆರಗಿಗೆ ಕೈ ಒರೆಸಿಕೊಂಡರು.

"ನಾಳೆ ಅನ್ನ ಒಂದು ಹಿಡಿ ಹೆಚ್ಚು ಕಟ್ಟು," ಎಂದರು. "ಉಪ್ಪಿನಕಾಯಿಯೂ ಹಾಕು. ಮುಳ್ಳಿನ ಕಡೆಯವಳಿಗೂ ಬೇಕಾದೀತು."